ಊರಿಗೆ ಕೆಲಸವಿಲ್ಲದ ಹಬ್ಬ

ಆಳಂದ, ಅಫಜಲಪುರ, ಜೇವರ್ಗಿಗಳಂಥ ತಾಲ್ಲೂಕು ಪಟ್ಟಣಗಳಲ್ಲಿ ಸ್ವಾತಂತ್ರ್ಯ ದಿನವೋ ಗಣರಾಜ್ಯ ದಿನವೋ ಕನ್ನಡ ರಾಜ್ಯೋತ್ಸವವೋ ಸಮೀಪಿಸಿತೆಂದರೆ, ಅದಕ್ಕೆ ಕೆಲವು ದಿನ ಮುಂಚಿತವಾಗಿ ತಹಸೀಲ್ದಾರರ ಕಚೇರಿಯ ಸಭಾಂಗಣದಲ್ಲಿ ಪೂರ್ವಭಾವಿ ಸಭೆಯೊಂದು ಕೂಡುವುದು ರೂಢಿ. ತಹಸೀಲ್ದಾರರು ತಾಲ್ಲೂಕು ರಾಷ್ಟ್ರೀಯ ಹಬ್ಬಗಳ ಆಚರಣಾ ಸಮಿತಿಯ ಅಧ್ಯಕ್ಷರು. ಧ್ವಜಾರೋಹಣ ಅವರದು, ಸಮಾರಂಭದ ಅಧ್ಯಕ್ಷತೆ ಶಾಸಕರದು. ಮೈದಾನದ ಕಸ ತೆಗೆಸುವ ಹೊಣೆ ಪುರಸಭೆಗೆ, ವೇದಿಕೆ ಲೋಕೋಪಯೋಗಿ ಇಲಾಖೆಗೆ, ವಿದ್ಯುತ್ತು ಜೆಸ್ಕಾಮಿಗೆ, ಮಕ್ಕಳನ್ನು ಸಾಲುಗಟ್ಟಿಸಿ ತರುವ ಕೆಲಸ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಬಂದೋಬಸ್ತು ಪೊಲೀಸರಿಗೆ ಎಂದು ಹಂಚಿಕೆಯಾಗುತ್ತದೆ, ಸಭೆಗೆ ಬಾರದ ಅಧಿಕಾರಿಗಳ ಮೇಲೆ ನೋಟೀಸು ಹೊರಡಬೇಕೆಂದು ಯಾವುದೋ ಸಂಘಟನೆಯ ಮುಖಂಡರು ಎದ್ದುನಿಂತು ಆಗ್ರಹಪಡಿಸುತ್ತಾರೆ, ಚಹಾ ಬರುತ್ತದೆ, ನಡಾವಳಿಗೆ ಸಹಿಗಳಾಗುತ್ತವೆ. ಈ ಸಭೆಯನ್ನು ಪರಿಹಾಸ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. ಇದು ನಡೆಯದಿದ್ದರೆ ಮೈದಾನದಲ್ಲಿ ನಿಂತ ಮಕ್ಕಳಿಗೆ ಕುಡಿಯುವ ನೀರೂ ದೊರೆಯದು. ನನ್ನ ಆಕ್ಷೇಪಣೆ ಬೇರೆ. ಹಂಚಿಕೆಯ ಆ ಉದ್ದನೆಯ ಯಾದಿಯಲ್ಲಿ ಸಕಲ ಇಲಾಖೆಗಳಿಗೂ ಕೆಲಸವುಂಟು, ಊರಿಗೆ ಮಾತ್ರ ಇಲ್ಲ. ಊರಿನವರಿಗೆ ದೊರೆಯುವುದು ಶಾಮಿಯಾನದ ಕೆಳಗೆ ಒಂದು ಕುರ್ಚಿ. ಅದೂ ಮೊದಲೆರಡು ಸಾಲುಗಳನ್ನು ಬಿಟ್ಟು.

ಸಾರ್ವಜನಿಕ ಆಚರಣೆಯೊಂದು ಹಬ್ಬವೆನಿಸಿಕೊಳ್ಳಬೇಕಾದರೆ ಅದರಲ್ಲಿ ಪ್ರತಿಯೊಂದು ಮನೆಗೂ ಮಾಡತಕ್ಕ ಕೆಲಸವೊಂದಿರಬೇಕು. ಕೇವಲ ನೋಡತಕ್ಕ ದೃಶ್ಯವಿದ್ದರೆ ಸಾಲದು ಎಂಬುದು ನನ್ನ ಅಭಿಮತ. ಈ ಅಭಿಮತಕ್ಕೆ ಪ್ರಮಾಣವನ್ನು ದೂರದಿಂದ ತರಬೇಕಾಗಿಲ್ಲ. ಭೀಮಾ ಅಮರ್ಜಾ ನದಿಗಳ ಸಂಗಮದಲ್ಲಿ ದೇವಲ ಗಾಣಗಾಪುರವುಳ್ಳ, ಘತ್ತರಗಿಯ ಭಾಗ್ಯವಂತಿಯುಳ್ಳ ಅಫಜಲಪುರ ತಾಲ್ಲೂಕು, ಷಣ್ಮುಖ ಶಿವಯೋಗಿಗಳ ಮಠದ ಜೇವರ್ಗಿ, ಕಲಬುರ್ಗಿಯ ಶರಣಬಸವೇಶ್ವರರು ಜನಿಸಿದ ಅರಳಗುಂಡಗಿ, ಲಾಡ್ಲೆ ಮಶಾಕರ ದರ್ಗೆಯ ಆಳಂದ, ಇವುಗಳಿಗೆ ಸಹಸ್ರಾವಧಿ ಜನರನ್ನು ಕೂಡಿಸಿ, ಉಣ್ಣಿಸಿ, ಸುರಕ್ಷಿತವಾಗಿ ಕಳುಹಿಸುವ ವಿದ್ಯೆಯನ್ನು ಯಾವ ಸುತ್ತೋಲೆಯೂ ಕಲಿಸಬೇಕಾದುದಿಲ್ಲ. ಈ ಸೀಮೆಯ ಜಾತ್ರೆಗಳಲ್ಲಿ ತೇರಿನ ಹಗ್ಗ ಒಂದು ಊರಿನಿಂದ ಬಂದರೆ ಕಳಸ ಇನ್ನೊಂದರಿಂದ ಬರುತ್ತದೆ. ನಂದಿಕೋಲು ಒಂದು ಮನೆತನದ್ದು, ಹಲಗೆಯ ಮೇಳ ಮತ್ತೊಂದು ಓಣಿಯದು. ದಾಸೋಹದ ಜೋಳ ಪ್ರತಿಯೊಂದು ಕಣದಿಂದಲೂ ಹೊರಡುತ್ತದೆ. ಮೊಹರಮ್ಮಿನಲ್ಲಿ ಪಂಜಾ ಹಿಡಿಯುವವನು, ಅಲಾಯಿ ಕುಣಿಗೆ ಸೌದೆ ತರುವವನು, ಕನ್ನಡದಲ್ಲಿ ರಿವಾಯತು ಹಾಡುವವನು ಇವರೆಲ್ಲರೂ ಒಂದೇ ಮತದವರಾಗಿರಬೇಕೆಂಬ ನಿಯಮವಿಲ್ಲ. ಎಳ್ಳಮಾವಾಸ್ಯೆಗಂತೂ ಸಭೆಯೂ ಇಲ್ಲ, ಸಮಿತಿಯೂ ಇಲ್ಲ. ಸಜ್ಜೆ ರೊಟ್ಟಿ, ಭಜ್ಜಿಗಳನ್ನು ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬರುವುದರಿಂದ ಆ ದಿನ ಪೇಟೆಯಲ್ಲಿಯೂ ಕಚೇರಿಗಳಲ್ಲಿಯೂ ಮನುಷ್ಯರು ಅಪರೂಪವಾಗಿಬಿಡುತ್ತಾರೆ. ದುಡಿಮೆಯನ್ನರಸಿ ಮುಂಬಯಿ, ಪುಣೆಗಳಿಗೆ ಹೋದ ಕುಟುಂಬಗಳು ಬಸ್ಸಿನ ಖರ್ಚನ್ನು ಲೆಕ್ಕಿಸದೆ ಜಾತ್ರೆಗೆ ಮರಳಿ ಬರುತ್ತವೆ. ನವೆಂಬರ್ 1ಕ್ಕೆಂದು ಮರಳಿ ಬಂದ ಕುಟುಂಬವನ್ನು ಕಂಡವರಿದ್ದರೆ ಹೇಳಬೇಕು.

ಇದು ಭಕ್ತಿಗೂ ದೇಶಭಕ್ತಿಗೂ ಇರುವ ಅಂತರವೆಂದು ಹೇಳಿ ಕೈತೊಳೆದುಕೊಳ್ಳುವವರುಂಟು. ಆ ಸಮಾಧಾನ ನನಗೆ ಒಪ್ಪಿಗೆಯಾಗುವುದಿಲ್ಲ. ಫ್ರಾನ್ಸ್ ದೇಶದ ಮಹಾಕ್ರಾಂತಿಯ ಪ್ರಥಮ ವಾರ್ಷಿಕೋತ್ಸವ 1790ರ ಜುಲೈ 14ರಂದು ಪ್ಯಾರಿಸಿನ ಷಾಂ ದ ಮಾರ್ಸ್ ಬಯಲಿನಲ್ಲಿ ನಡೆಯಿತು. ಅಷ್ಟು ಜನ ಕೂಡಲು ಬಯಲಿನ ಮಣ್ಣನ್ನು ಅಗೆದು ಸುತ್ತಲೂ ಏರಿ ಕಟ್ಟಬೇಕಾಗಿತ್ತು. ಕೂಲಿಯವರಿಂದ ಆ ಕೆಲಸ ಹೊತ್ತಿಗೆ ಮುಗಿಯುವುದಿಲ್ಲವೆಂಬ ಸುದ್ದಿ ಹಬ್ಬಿದೊಡನೆ ಸಿರಿವಂತರು, ಪಾದ್ರಿಗಳು, ಸೈನಿಕರು, ಹೆಂಗಸರು ಎಂಬ ಭೇದವಿಲ್ಲದೆ ಪಟ್ಟಣಿಗರೇ ಸನಿಕೆ ಕೈಗಾಡಿಗಳನ್ನು ಹಿಡಿದು ಹೊರಟುಬಂದರು. ಉತ್ಸವದ ದಿನ ಮಳೆ ಸುರಿಯಿತು. ಆದರೂ ಆ ಉತ್ಸವವನ್ನು ಇತಿಹಾಸಕಾರರು ಇಂದಿಗೂ ಹರ್ಷದಿಂದಲೇ ಸ್ಮರಿಸುತ್ತಾರೆ. ನಾಲ್ಕು ವರ್ಷಗಳ ಮೇಲೆ, 1794ರ ಜೂನ್ 8ರಂದು, ಅದೇ ನಗರದಲ್ಲಿ ಕ್ರಾಂತಿ ಸರಕಾರದ ಮುಂದಾಳು ರೋಬೆಸ್ಪಿಯರನ ಇಚ್ಛಾನುಸಾರ ಪರಮಪುರುಷನ ಉತ್ಸವವೆಂಬುದು ನಡೆಯಿತು. ಪ್ರಖ್ಯಾತ ಚಿತ್ರಕಾರ ದಾವೀದನು ಯಾರು ಎಲ್ಲಿ ನಿಲ್ಲಬೇಕು, ಯಾವ ಬಣ್ಣ ಉಡಬೇಕು, ಯಾವ ಕ್ಷಣದಲ್ಲಿ ಹಾಡಬೇಕು ಎಂಬುದೆಲ್ಲವನ್ನೂ ಮುಂಗಡವಾಗಿ ನಿರ್ದೇಶಿಸಿದ್ದನು. ಏರ್ಪಾಟಿನಲ್ಲಿ ಲೋಪವೇನೂ ಇರಲಿಲ್ಲ. ಎರಡು ತಿಂಗಳೊಳಗಾಗಿ ರೋಬೆಸ್ಪಿಯರನು ವಧಾಸ್ಥಾನಕ್ಕೆ ಹೋದಾಗ ಆ ಉತ್ಸವಕ್ಕಾಗಿ ಮರುಗಿದವರು ವಿರಳ. ಎರಡೂ ಸರಕಾರದ ಹಬ್ಬಗಳೇ, ಎರಡೂ ಕ್ರಾಂತಿಯ ಹಬ್ಬಗಳೇ. ಒಂದರಲ್ಲಿ ಜನರ ಕೈಗೆ ಮಣ್ಣು ಹತ್ತಿತ್ತು, ಇನ್ನೊಂದರಲ್ಲಿ ಹತ್ತಿರಲಿಲ್ಲ.

ನಮ್ಮ ಸರಕಾರಗಳಿಗೂ ಈ ಕೊರತೆಯ ಅರಿವು ಇಲ್ಲದಿಲ್ಲ. 2022ರಲ್ಲಿ ಮನೆಮನೆಯ ಮೇಲೂ ತ್ರಿವರ್ಣಧ್ವಜ ಹಾರಬೇಕೆಂಬ ಅಭಿಯಾನ ನಡೆದಾಗ, ಅದಕ್ಕೆ ಅನುಕೂಲವಾಗುವಂತೆ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅದರ ಹಿಂದಿನ ವರ್ಷಾಂತ್ಯದಲ್ಲಿಯೇ ಅನುಮತಿ ದೊರೆತಿತ್ತು. ಖಾದಿಯ ರಾಷ್ಟ್ರಧ್ವಜಕ್ಕೆ ಹೆಸರಾದ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಇದರಿಂದ ಉಂಟಾದ ಅಸಮಾಧಾನ ಎಲ್ಲರಿಗೂ ತಿಳಿದುದೇ. ಮನೆಮನೆಯನ್ನೂ ಮುಟ್ಟಬೇಕೆಂಬ ಆಶಯ ಸಾಧುವಾದುದು. ಆದರೆ ಮನೆಗೆ ತಲುಪಿದುದು ತೂಗುಹಾಕತಕ್ಕ ಒಂದು ವಸ್ತು. ಅದನ್ನು ಸಿದ್ಧಪಡಿಸುವ ಕೆಲಸವಾಗಲಿ, ಅದರ ನಿಮಿತ್ತ ನೆರೆಯವರೊಡನೆ ಕೂಡಿ ದುಡಿಯುವ ಪ್ರಸಂಗವಾಗಲಿ ಅಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪವನ್ನು ಎದುರಿಸಲೇಬೇಕು. ಜಾತ್ರೆಯಲ್ಲಿ ಪ್ರತಿಯೊಬ್ಬನಿಗೂ ಕೆಲಸವಿದೆಯೆಂಬುದು ನಿಜ. ಆದರೆ ಆ ಕೆಲಸ ಹುಟ್ಟಿನಿಂದ ಬಂದುದು. ಹಲಗೆ ಬಡಿಯುವವನ ಮಗ ಹಲಗೆಯನ್ನೇ ಬಡಿಯಬೇಕು. ಹಗ್ಗವನ್ನು ಮುಟ್ಟತಕ್ಕವರು ಇವರು, ಮುಟ್ಟಬಾರದವರು ಅವರು ಎಂಬ ಕಟ್ಟಳೆ ಅನೇಕ ಕಡೆ ಇದ್ದಿತು, ಕೆಲವು ಕಡೆ ಇನ್ನೂ ಉಸಿರಾಡುತ್ತಿದೆ. ತಹಸೀಲ್ದಾರರ ಮೈದಾನದಲ್ಲಿ ದಲಿತರ ಓಣಿಯ ಬಾಲಕಿ ಗೌಡರ ಮನೆಯ ಬಾಲಕನ ಪಕ್ಕದಲ್ಲಿ ನಿಂತು ಕವಾಯತು ಮಾಡುತ್ತಾಳೆ; ಬಹುಮಾನವನ್ನು ಹೆಸರು ಕರೆದು ಕೊಡುತ್ತಾರೆ, ಜಾತಿ ಕೇಳಿ ಕೊಡುವುದಿಲ್ಲ. ಶಾಮಿಯಾನದ ಆ ನಿರ್ಭಾವವಾದ ಕುರ್ಚಿಯೇ ಗಣರಾಜ್ಯದ ದೊಡ್ಡ ದಾನವೆಂದು ಒಬ್ಬರು ವಾದಿಸಿದರೆ, ಆ ವಾದವನ್ನು ಹಗುರವಾಗಿ ತಳ್ಳಿಹಾಕುವ ಧೈರ್ಯ ನನಗಿಲ್ಲ. ಸಮತೆ ಅಲ್ಲಿರುವಷ್ಟು ನಮ್ಮ ಯಾವ ತೇರಿನ ಮುಂದೆಯೂ ಇಲ್ಲ. ಆದುದರಿಂದ ಜಾತ್ರೆಯ ಹಕ್ಕುದಾರಿಕೆಯನ್ನು ಆಗಸ್ಟ್ 15ಕ್ಕೆ ತಂದು ಅಂಟಿಸಬೇಕೆಂದು ನಾನು ಹೇಳುವುದಿಲ್ಲ. ಜಾತ್ರೆಯಿಂದ ತೆಗೆದುಕೊಳ್ಳಬೇಕಾದುದು ಕೆಲಸ ಹಂಚುವ ಕ್ರಮವನ್ನು, ಕೆಲಸದ ಒಡೆತನವನ್ನಲ್ಲ. ಓಣಿಗಳ ಹೆಸರುಗಳನ್ನು ಚೀಟಿಗಳಲ್ಲಿ ಬರೆದು ಮಗುವೊಂದರ ಕೈಯಿಂದ ಎತ್ತಿಸಿ, ಈ ವರ್ಷ ಅಡುಗೆ ಈ ಓಣಿಯದು, ಮೆರವಣಿಗೆಯ ಮುಂದಾಳುತನ ಆ ಗಲ್ಲಿಯದು, ಮೈದಾನದ ಸಿಂಗಾರ ತಾಂಡಾದವರದು ಎಂದು ಗೊತ್ತುಪಡಿಸಿ, ಮುಂದಿನ ವರ್ಷ ಅದನ್ನು ಬದಲಿಸಿದರೆ, ಹುಟ್ಟಿಗೂ ಕೆಲಸಕ್ಕೂ ಗಂಟು ಬೀಳಲು ಅವಕಾಶವೇ ಇರುವುದಿಲ್ಲ. ಒಂದು ವರ್ಷ ಅಡುಗೆ ದಲಿತರ ಓಣಿಯಿಂದ ಬಂದಾಗ ಯಾರು ಉಂಡರು, ಯಾರು ಉಣ್ಣಲಿಲ್ಲ ಎಂಬುದು ಊರಿಗೆ ತಿಳಿಯುತ್ತದೆ, ತಿಳಿಯುವುದೂ ಒಳ್ಳೆಯದೇ.

ಈ ಕ್ರಮವನ್ನು ಆರಂಭಿಸುವುದಕ್ಕೆ ಸೆಪ್ಟೆಂಬರ್ 17ರಷ್ಟು ಯೋಗ್ಯವಾದ ದಿನ ಈ ಮೂರು ಪಟ್ಟಣಗಳಿಗೆ ಬೇರೊಂದಿಲ್ಲ. ದೇಶವೆಲ್ಲ 1947ರ ಆಗಸ್ಟ್ 15ರಂದು ಸ್ವತಂತ್ರವಾದಾಗ ಈ ಸೀಮೆ ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಆಳಿಕೆಯಲ್ಲಿತ್ತು. ನೆರೆಯ ಬಿಜಾಪುರ ಜಿಲ್ಲೆಯಲ್ಲಿ ಧ್ವಜ ಹಾರಿದ ದಿನವೇ ಇತ್ತ ಧ್ವಜ ಹಿಡಿಯುವುದು ಅಪರಾಧವಾಗಿತ್ತು. ಹೈದರಾಬಾದು ರಾಜ್ಯ ಕಾಂಗ್ರೆಸ್ಸಿನ ನಾಯಕರಾಗಿ ಸೆರೆವಾಸವನ್ನು ಅನುಭವಿಸಿದ ಸ್ವಾಮಿ ರಾಮಾನಂದ ತೀರ್ಥರು ಹುಟ್ಟಿದ ಸಿಂದಗಿ ಅಫಜಲಪುರ, ಜೇವರ್ಗಿಗಳಿಗೆ ನೆರೆಯ ತಾಲ್ಲೂಕು. ನಿಜಾಮರ ಪರವಾಗಿ ನಿಂತ ಖಾಸಗಿ ಪಡೆಯವರಾದ ರಜಾಕಾರರ ಉಪದ್ರವಕ್ಕೆ ಹೆದರಿ ಹೊಳೆ ದಾಟಿದ ಕುಟುಂಬಗಳು, ಬಿಜಾಪುರ, ಸೊಲ್ಲಾಪುರ ಜಿಲ್ಲೆಗಳ ಗಡಿ ಶಿಬಿರಗಳಲ್ಲಿ ಸೇರಿಕೊಂಡ ತರುಣರು, ಇವರ ವೃತ್ತಾಂತ ಇಲ್ಲಿಯ ಹಿರಿಯರ ಮನೆಗಳಲ್ಲಿ ಇನ್ನೂ ಕೇಳಸಿಕ್ಕುತ್ತದೆ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದು ಸಂಸ್ಥಾನವನ್ನು ಪ್ರವೇಶಿಸಿ, 17ರಂದು ನಿಜಾಮರು ಶರಣಾಗತರಾದುದರಿಂದ, ಈ ಸೀಮೆಗೆ ಸ್ವಾತಂತ್ರ್ಯ ಹದಿಮೂರು ತಿಂಗಳು ತಡವಾಗಿ ಬಂದಂತಾಯಿತು.

ಇಷ್ಟು ವಿಶಿಷ್ಟವಾದ ದಿನವನ್ನು ಈಗ ಆಚರಿಸುವ ಬಗೆಯಾದರೂ ಏನು? ಹಿಂದೆ ಹೈದರಾಬಾದು ಕರ್ನಾಟಕ ವಿಮೋಚನಾ ದಿನವೆಂದಿದ್ದುದು 2019ರಲ್ಲಿ ಕಲ್ಯಾಣ ಕರ್ನಾಟಕ ಉತ್ಸವವಾಯಿತು. ಆಳಂದದಿಂದ ಉಮರ್ಗಾದ ಹಾದಿ ಹಿಡಿದು ಗಡಿ ದಾಟಿದರೆ ಅದೇ ದಿನ ಮರಾಠವಾಡಾ ಮುಕ್ತಿಸಂಗ್ರಾಮ ದಿನವೆನಿಸಿಕೊಳ್ಳುತ್ತದೆ. 2022ರಲ್ಲಿ ಕೇಂದ್ರ ಸರಕಾರ ಅದನ್ನು ಹೈದರಾಬಾದು ವಿಮೋಚನಾ ದಿನವೆಂದು ಆಚರಿಸಿದರೆ ತೆಲಂಗಾಣ ಸರಕಾರ ರಾಷ್ಟ್ರೀಯ ಸಮೈಕ್ಯದ ದಿನವೆಂದು ಆಚರಿಸಿತು. ಕಲಬುರ್ಗಿಯಲ್ಲಿ ಮುಖ್ಯಮಂತ್ರಿಗಳು ಧ್ವಜವೇರಿಸುತ್ತಾರೆ. 2024ರಲ್ಲಿ ಆ ದಿನವೇ ಅಲ್ಲಿ ಸಚಿವ ಸಂಪುಟದ ಸಭೆಯೂ ಸೇರಿತು. ಭಾಷಣಗಳು ಬಹುಮಟ್ಟಿಗೆ ಈ ಸೀಮೆಗೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371 ಜೆ ವಿಧಿ, ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ, ರಸ್ತೆ, ನೀರಾವರಿಗಳನ್ನು ಕುರಿತವು. ಅನುದಾನದ ಮಾತು ಅವಶ್ಯಕ. ಹಿಂದುಳಿದ ಸೀಮೆ ತನ್ನ ಪಾಲನ್ನು ಕೇಳದೆ ಇರಬಾರದು. ಆದರೆ ವರ್ಷಕ್ಕೊಮ್ಮೆ ಬರುವ ಸ್ಮರಣೆಯ ದಿನವನ್ನು ಆಯವ್ಯಯದ ವಿವರಣೆಗೇ ಮುಗಿಸಿಬಿಟ್ಟರೆ, ತಾಲ್ಲೂಕು ಪಟ್ಟಣಕ್ಕೆ ಉಳಿಯುವುದು ಜಿಲ್ಲಾ ಕೇಂದ್ರದ ಸಮಾರಂಭದ ಒಂದು ಚಿಕ್ಕ ನಕಲು ಮಾತ್ರ.

ಮತ್ತು ಆ ಸ್ಮರಣೆ ಏಕಮುಖವಾದುದಲ್ಲ. ರಜಾಕಾರರಿಂದ ಹತರಾದವರು, ಮನೆಮಾರು ಸುಲಿಗೆಯಾದವರು ಇದ್ದಂತೆಯೇ, ಸೇನೆ ಬಂದ ಅನಂತರದ ದಿನಗಳಲ್ಲಿ ಪ್ರತೀಕಾರಕ್ಕೆ ಬಲಿಯಾದ ನಿರಪರಾಧಿಗಳಾದ ಮುಸಲ್ಮಾನರೂ ಇದ್ದರು. ಪ್ರಧಾನಿ ನೆಹರೂ ಅವರ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲರ ತಂಡ ಈ ಪ್ರಾಂತಗಳಲ್ಲಿ ಸಂಚರಿಸಿ, ಅತ್ಯಂತ ಹೆಚ್ಚಾಗಿ ನೊಂದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದು, ಕಲಬುರ್ಗಿ, ಬೀದರ, ನಾಂದೇಡಗಳನ್ನು ಹೆಸರಿಸಿತು. ಇಡೀ ಸಂಸ್ಥಾನದಲ್ಲಿ ಮಡಿದವರು 27 ಸಾವಿರದಿಂದ 40 ಸಾವಿರದವರೆಗೆ ಇರಬಹುದೆಂದು ಅಂದಾಜು ಮಾಡಿತು. ಆ ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ಇದನ್ನು ಮೈದಾನದ ಧ್ವನಿವರ್ಧಕದಲ್ಲಿ ಹೇಳುವುದು ಹೇಗೆ ಎಂದು ಅಧಿಕಾರಿಯೊಬ್ಬರು ಅಳುಕಿದರೆ ಅದು ಸಹಜ. ಅವರಿಗೆ ಶಾಂತಿಪಾಲನೆಯ ಹೊಣೆಯುಂಟು, ಮೂರು ವರ್ಷದೊಳಗೆ ವರ್ಗವಾಗಿ ಹೋಗತಕ್ಕವರು ಅವರು. ಆದುದರಿಂದಲೇ ಈ ಮಾತನ್ನು ಊರೇ ಆಡಬೇಕು. ಹೊಳೆ ದಾಟಿದ ಕುಟುಂಬದ ಮೊಮ್ಮಗಳು ತನ್ನ ಅಜ್ಜಿಯ ನೆನಪನ್ನೂ, ಪ್ರತೀಕಾರದಲ್ಲಿ ತಂದೆಯನ್ನು ಕಳೆದುಕೊಂಡವನ ಮೊಮ್ಮಗ ತನ್ನ ಮನೆಯ ನೆನಪನ್ನೂ ಒಂದೇ ವೇದಿಕೆಯ ಮೇಲೆ, ಕನ್ನಡದಲ್ಲಿಯೋ ಉರ್ದುವಿನಲ್ಲಿಯೋ ಮರಾಠಿಯಲ್ಲಿಯೋ, ಓದಿ ಹೇಳುವಂತಾದರೆ, ಅಲ್ಲಿ ಜಯಘೋಷಕ್ಕೆ ಅಷ್ಟಾಗಿ ಆಸ್ಪದವಿರುವುದಿಲ್ಲವೆಂಬುದು ದಿಟ. ವಿಮೋಚನೆಯನ್ನು ಕಣ್ಣಾರೆ ಕಂಡವರಿಗೆ ಈಗ ಎಂಬತ್ತು ಮೀರಿದೆ. ಅವರ ನುಡಿಗಳನ್ನು ಬರೆದುಕೊಳ್ಳುವ ಕೆಲಸವನ್ನು ಶಾಲೆಯ ಮಕ್ಕಳಿಗೆ ಜೂನ್ ತಿಂಗಳಿನಲ್ಲಿಯೇ ಒಪ್ಪಿಸಬೇಕಾಗುತ್ತದೆ. ಸೆಪ್ಟೆಂಬರಿನ ಮೊದಲ ವಾರದಲ್ಲಿ ಸಭೆ ಸೇರಿದರೆ ಶಾಮಿಯಾನವನ್ನು ಗೊತ್ತುಮಾಡಬಹುದೇ ಹೊರತು ಇದನ್ನು ಮಾಡಲಾಗುವುದಿಲ್ಲ.

ಕಾಲದ ಮಾತು ಬಂದುದರಿಂದ ತಿಥಿಗಳ ವಿಷಯವನ್ನೂ ಹೇಳಬೇಕಾಗಿದೆ. ಸೆಪ್ಟೆಂಬರ್ 17 ಏಕಾಂಗಿಯಾಗಿ ಬರುವ ದಿನವಲ್ಲ. ವಿಶ್ವಕರ್ಮ ಜಯಂತಿ ಅದೇ ದಿನ. 2024ರಲ್ಲಿ ಅನಂತ ಚತುರ್ದಶಿಯೂ ಅದೇ ದಿನ ಬಿದ್ದು, ಅದರ ಹಿಂದಿನ ದಿನ ಈದ್ ಮಿಲಾದ್ ಇದ್ದಿತು. 2023ರಲ್ಲಂತೂ ಮಿಲಾದೂ ಅನಂತ ಚತುರ್ದಶಿಯೂ ಸೆಪ್ಟೆಂಬರ್ 28ರಂದು ಒಟ್ಟಿಗೇ ಬಂದುವು, ಮುಂಬಯಿಯ ಮುಸಲ್ಮಾನ ಹಿರಿಯರು ತಮ್ಮ ಮೆರವಣಿಗೆಯನ್ನು ಮರುದಿನಕ್ಕೆ ತಾವಾಗಿಯೇ ಮುಂದೂಡಿಕೊಂಡರು. ಹಿಜರಿ ಪಂಚಾಂಗ ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ನಮ್ಮ ಅಧಿಕಮಾಸದ ಗಣಿತವೂ ಬಲ್ಲವರಿಗೆ ತಿಳಿದುದೇ. ಯಾವ ವರ್ಷ ಯಾವ ಎರಡು ಹಬ್ಬಗಳು ಎದುರುಬದುರಾಗುವುವೆಂಬುದನ್ನು ಒಂದೆರಡು ದಿನಗಳ ಅಂತರದಲ್ಲಿ ಹತ್ತು ವರ್ಷ ಮುಂಚಿತವಾಗಿ ಹೇಳಬಹುದು. ಹೀಗಿದ್ದೂ ಪ್ರತಿಸಲವೂ ಅದು ಅನಿರೀಕ್ಷಿತ ಸಂಕಟವೆಂಬಂತೆ ಶಾಂತಿಸಭೆ ಕರೆಯುತ್ತೇವೆ. ಆಳಂದದ ದರ್ಗೆಯ ಆವರಣದಲ್ಲಿಯೇ ಸಂತ ರಾಘವ ಚೈತನ್ಯರ ಶಿವಲಿಂಗವಿರುವುದರಿಂದ, ಅಲ್ಲಿಯ ದರ್ಗೆಯ ಆಚರಣೆಯೂ ಶಿವರಾತ್ರಿಯೂ ಕೂಡಿಬಂದ 2022ರ ಮಾರ್ಚ್ 1ರಂದು ಊರಿನಲ್ಲಿ ಕಲಹವಾಯಿತು. ಮುಂದಿನ ವರ್ಷಗಳಲ್ಲಿ ಯಾರು ಯಾವ ಹೊತ್ತಿಗೆ, ಎಷ್ಟು ಮಂದಿ ಒಳಗೆ ಹೋಗಬೇಕೆಂಬುದು ನ್ಯಾಯಪೀಠಗಳ ಮುಂದೆ ತೀರ್ಮಾನವಾಗಬೇಕಾಯಿತು. ಆ ವ್ಯಾಜ್ಯದ ನ್ಯಾಯಾನ್ಯಾಯಗಳನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶವಲ್ಲ. ಊರು ತನ್ನ ಹೊತ್ತನ್ನು ತಾನೇ ಕುಳಿತು ಹಂಚಿಕೊಳ್ಳದಿದ್ದರೆ ಅದನ್ನು ಹಂಚುವ ಕೆಲಸ ಪೊಲೀಸರಿಗೂ ನ್ಯಾಯಾಧೀಶರಿಗೂ ಹೋಗುತ್ತದೆ ಎಂಬಷ್ಟನ್ನು ಮಾತ್ರ ಗಮನಿಸಬೇಕು.

ಜಯಂತಿಗಳ ಸ್ಥಿತಿ ಇದಕ್ಕಿಂತ ವಿಚಿತ್ರ. ಜನವರಿಯ ಸಂಕ್ರಾಂತಿಯ ವೇಳೆಗೆ ಸಿದ್ಧರಾಮರು, 19ಕ್ಕೆ ವೇಮನರು, 21ಕ್ಕೆ ಅಂಬಿಗರ ಚೌಡಯ್ಯನವರು, 26ಕ್ಕೆ ಗಣರಾಜ್ಯ ದಿನ, ಫೆಬ್ರವರಿ 1ಕ್ಕೆ ಮಡಿವಾಳ ಮಾಚಿದೇವರು, 15ಕ್ಕೆ ಸೇವಾಲಾಲರು, 19ಕ್ಕೆ ಶಿವಾಜಿ ಮಹಾರಾಜರು, 20ಕ್ಕೆ ಸರ್ವಜ್ಞ: ತೊಗರಿಯ ರಾಶಿ ನಡೆಯುವ ದಿನಗಳಲ್ಲಿ ಅದೇ ಸಭಾಂಗಣ, ಅದೇ ದೀಪಸ್ತಂಭ, ಅದೇ ಅಧಿಕಾರಿಗಳು, ಬದಲಾಗುವುದು ಭಾವಚಿತ್ರವೂ ಸಭಿಕರೂ ಮಾತ್ರ. ಚೌಡಯ್ಯನವರ ದಿನ ಅಂಬಿಗರು ಬರುತ್ತಾರೆ, ಸೇವಾಲಾಲರ ದಿನ ತಾಂಡಾದವರು ಬರುತ್ತಾರೆ. ಇಷ್ಟು ಕಾಲ ಅಲಕ್ಷ್ಯಕ್ಕೊಳಗಾದ ಸಮುದಾಯಗಳು ತಮ್ಮ ಹಿರಿಯರ ಪಟವನ್ನು ಸರಕಾರದ ಗೋಡೆಯ ಮೇಲೆ ಕಾಣಬಯಸುವುದರಲ್ಲಿ ನ್ಯಾಯವಿದೆ, ಅದನ್ನು ಅನವಶ್ಯಕ ರಜೆಗಳ ಗೊಣಗಾಟದಲ್ಲಿ ಮುಳುಗಿಸುವವರ ಪಕ್ಷ ನನ್ನದಲ್ಲ. ಆದರೆ ಬಸವಣ್ಣನವರ ಕಾಲದಲ್ಲಿ ಒಂದೇ ಕೂಟದಲ್ಲಿ ಕುಳಿತರೆಂದು ನಾವು ನಂಬಿರುವ ಶರಣರನ್ನು ಕ್ಯಾಲೆಂಡರಿನ ಬೇರೆ ಬೇರೆ ಮನೆಗಳಲ್ಲಿ ಕೂರಿಸಿ, ಒಬ್ಬರ ಮನೆಗೆ ಇನ್ನೊಬ್ಬರ ನೆಂಟರು ಹೋಗದಂತೆ ಮಾಡಿದ್ದೇವೆ. ಚೀಟಿಯ ಕ್ರಮ ಇಲ್ಲಿಗೂ ಸಲ್ಲುತ್ತದೆ. ಚೌಡಯ್ಯನವರ ಜಯಂತಿಯ ದುಡಿಮೆ ಭೀಮೆಯ ದಂಡೆಯ ಅಂಬಿಗರ ಓಣಿಗೇ ಬೀಳದೆ ಗಾಂಧಿ ಚೌಕದ ವ್ಯಾಪಾರಸ್ಥರಿಗೂ ಒಂದು ವರ್ಷ ಬಿದ್ದರೆ, ಕನಿಷ್ಠ ಪಕ್ಷ ಆ ವ್ಯಾಪಾರಸ್ಥರು ಚೌಡಯ್ಯನವರ ವಚನಗಳ ನಿಷ್ಠುರತೆಯನ್ನು ಒಮ್ಮೆ ಓದಿ ನೋಡುವ ಪ್ರಸಂಗ ಬಂದೀತು.

ಊರಿನ ಕೈಗೆ ಕೊಟ್ಟರೆ ಪಕ್ಷಗಳೂ ಬಣಗಳೂ ಕಿತ್ತಾಡಿಕೊಂಡು ಕೆಲಸವೇ ನಿಂತುಹೋಗುತ್ತದೆ ಎನ್ನುವವರಿದ್ದಾರೆ. ಕಿತ್ತಾಟ ಈಗಲೂ ಇದೆ. ಆಹ್ವಾನ ಪತ್ರಿಕೆಯಲ್ಲಿ ಹೆಸರು ಮೇಲೆ ಬಂದಿತೋ ಕೆಳಗೆ ಬಂದಿತೋ, ಶಿಷ್ಟಾಚಾರ ಉಲ್ಲಂಘನೆಯಾಯಿತೋ ಇಲ್ಲವೋ ಎಂಬುದರ ಮೇಲೆ ಇದೆ. ಅಡುಗೆಗೆ ಎಷ್ಟು ತೊಗರಿಬೇಳೆ ಬೇಕು ಎಂಬುದರ ಮೇಲೆ ಕಿತ್ತಾಡುವುದು ಅದಕ್ಕಿಂತ ಹೆಚ್ಚು ಪ್ರಯೋಜನಕರ. ಧ್ವಜಾರೋಹಣ, ರಾಷ್ಟ್ರಗೀತೆ, ಗೌರವ ವಂದನೆಗಳು ನಿಯಮಕ್ಕೆ ಒಳಪಟ್ಟವು. ಅವು ತಹಸೀಲ್ದಾರರ ಕೈಯಲ್ಲಿಯೇ ಇರತಕ್ಕವು, ಬೆಳಗಿನ ಅರ್ಧ ಗಂಟೆಯಲ್ಲಿ ಅವು ಮುಗಿಯುತ್ತವೆ. ಅಲ್ಲಿಂದ ಮುಂದಿನ ದಿನವೆಲ್ಲ ಊರಿನದಾಗಲಿ. ಹಣವನ್ನು ಓಣಿಗಳ ಹೆಸರಿನಲ್ಲಿ ಖರ್ಚುಹಾಕಲು ಲೆಕ್ಕದ ಶೀರ್ಷಿಕೆಯಿಲ್ಲವೆಂದು ಕಚೇರಿಯಲ್ಲಿ ಅಡ್ಡಿ ಬರಬಹುದು. ಶಾಮಿಯಾನ, ಧ್ವನಿವರ್ಧಕಗಳ ಬಾಡಿಗೆಯನ್ನು ಈಗಿನಂತೆಯೇ ಪುರಸಭೆ ಕೊಡಲಿ. ಉಳಿದುದಕ್ಕೆ ದಾಸೋಹದ ಪದ್ಧತಿಯಲ್ಲಿ ಮನೆಮನೆಯಿಂದ ಕಾಳುಕಡಿ ಕೂಡಿಸಿ, ಯಾರು ಎಷ್ಟು ಕೊಟ್ಟರು, ಎಷ್ಟು ಉಳಿಯಿತು ಎಂಬುದನ್ನು ಜಾತ್ರೆಯ ಲೆಕ್ಕವನ್ನು ಗುಡಿಯ ಗೋಡೆಗೆ ಹಚ್ಚುವಂತೆ ಬಸ್ ನಿಲ್ದಾಣದ ಗೋಡೆಗೆ ಒಂದು ವಾರ ಹಚ್ಚಿದರೆ, ಲೆಕ್ಕಪರಿಶೋಧನೆಯನ್ನು ಊರೇ ಮಾಡಿಕೊಳ್ಳುತ್ತದೆ.